ಪಕ್ಕದ ಮನೆಯ ಬೋಲ್ಟು

ಫೆಬ್ರವರಿ ೯

ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಏನೋ ಹೇಳಿದೆ, ನಾನು ಹೂಂ ಹೂಂ ಅಂದೆ. ನಿಜ ಹೇಳಬೇಕು ಅಂದ್ರೆ ಒಂದಕ್ಷರ ಕೇಳಿಸಲಿಲ್ಲ. ಅಷ್ಟು ವರ್ಷ ಲಾರಿ ಇಂಜಿನ್ ಪಕ್ಕ ಕೂತ ಕಿವಿ ಇದು. ಎದುರಿಗೆ ನಿಂತವರ ಬಾಯಿ ನೋಡಿ ಅರ್ಥ ಮಾಡ್ಕೊಳ್ತೀನಿ, ಫೋನಿಗೆ ಬಾಯಿ ಎಲ್ಲಿದೆ? ಅದಕ್ಕೇ ಬರೆಯೋಣ ಅಂತ ಕೂತಿದೀನಿ. ನೀನೂ ಬರೆದುಬಿಡು.

ನಿನ್ನ ಹೆರಿಗೆಗೆ ಅಂತ ನಿಮ್ಮಮ್ಮ ನಿನ್ನಲ್ಲಿಗೆ ಬಂದ ಮೇಲೆ ಇಲ್ಲಿ ಮನೆ ಭಣಭಣ ಅಂತಿದೆ. ಬೆಳಿಗ್ಗೆ ಗೋದಾಮಿಗೆ ಹೋಗ್ತೀನಿ, ಸರಕು ಏರಿಸೋದು ಇಳಿಸೋದು ನೋಡ್ಕೊಳ್ತೀನಿ, ಮಧ್ಯಾಹ್ನಕ್ಕೆ ವಾಪಸು. ಆಮೇಲೆ ನಾನು, ಬಾಲ್ಕನಿ, ಪಕ್ಕದ ಮನೆ ನಾಯಿ.

ಪಕ್ಕಕ್ಕೆ ಹೊಸಬ ಬಂದಿದಾನೆ. ಒಂಟಿ ಮನುಷ್ಯ, ಲಿಫ್ಟ್ ಮೆಕ್ಯಾನಿಕ್ಕು. ಊರೂರಿನ ಲಿಫ್ಟ್ ಸರಿ ಮಾಡ್ತಾನೆ, ನಮ್ಮ ಕಟ್ಟಡದ ಲಿಫ್ಟು ಮಾತ್ರ ಕೆಟ್ಟು ಕೂತಿದೆ. ಅದು ಬೇರೆ ಕಂಪನೀದಂತೆ, ಇವನು ಮುಟ್ಟೋ ಹಾಗಿಲ್ಲವಂತೆ. ಮೂರನೇ ಮಹಡಿಗೆ ಅವನೂ ನನ್ನ ಹಾಗೇ ಏದುಸಿರು ಬಿಡ್ತಾ ಹತ್ತಿ ಬರ್ತಾನೆ. ಕೆಲಸ ಬಂತು ಅಂದ್ರೆ ಬ್ಯಾಗ್ ಹಾಕ್ಕೊಂಡು ಹೊರಟ, ನಾಲ್ಕು ದಿನ ಪತ್ತೆ ಇಲ್ಲ. ನಾಯಿ ಬಾಲ್ಕನಿಯಲ್ಲಿ. ಹೆಸರು ಬೋಲ್ಟು. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡು ಬಿದ್ದಿರುತ್ತೆ.

ಗೇಟಿನ ವಾಚ್‌ಮನ್‌ಗೆ ದುಡ್ಡು ಕೊಟ್ಟು ಹೋಗಿರ್ತಾನೆ. ಆ ಪುಣ್ಯಾತ್ಮ ಬೆಳಿಗ್ಗೆ ಬಂದು ಒಂದಿಷ್ಟು ಅನ್ನ ಸುರೀತಾನೆ, ಕಾಟಾಚಾರಕ್ಕೆ ಕೆಳಗೆ ಒಂದು ಸುತ್ತು ಹೊಡೆಸ್ತಾನೆ, ಮತ್ತೆ ಕಟ್ಟಿಹಾಕಿ ಹೋಗ್ತಾನೆ. ಸರಪಳಿ ಗಿಡ್ಡ. ನೆರಳು ಆ ತುದಿಯಲ್ಲಿ, ನಾಯಿ ಈ ತುದಿಯಲ್ಲಿ. ನೀರಿನ ಬೋಗುಣಿ ಹಗುರ ಪ್ಲಾಸ್ಟಿಕ್ಕಿನದು, ಕಾಲು ತಾಗಿದರೆ ಸಾಕು ಮಗುಚಿಕೊಳ್ಳುತ್ತೆ. ನಿನ್ನೆ ಮಧ್ಯಾಹ್ನ ಅದು ಒಣಗಿದ ಬೋಗುಣಿ ನೆಕ್ತಾ ಇತ್ತು. ನನ್ನ ಕೈಯಲ್ಲಿ ಊಟದ ತಟ್ಟೆ ಇತ್ತು, ತುತ್ತು ಒಳಗೆ ಇಳೀಲಿಲ್ಲ. ಅಡ್ಡಗೋಡೆ ಮೇಲಿಂದ ಕೈ ಚಾಚಿ ಚೊಂಬಿನಲ್ಲಿ ನೀರು ಹಿಡಿದೆ. ಹೊಟ್ಟೆ ಬಿರಿಯೋವಷ್ಟು ಕುಡೀತು. ರಾತ್ರಿ ಹಾಸಿಗೆಯಲ್ಲಿ ಹೊರಳಾಡಿದೆ: ಈಗ ಅದಕ್ಕೆ ಚಳಿ ಆಗ್ತಿದೆಯೋ ಏನೋ, ಕೆಳಗೆ ಗೋಣಿಚೀಲವಾದರೂ ಇದೆಯೋ ಇಲ್ಲವೋ ಅಂತ.

ಮೂಗು ತೂರಿಸೋದು ಬೇಡ ಅಂತೀಯ? ಏನು ಮಾಡಲಿ ಹೇಳು.

ಪಾಪು ಚೆನ್ನಾಗಿದೆ ಅಲ್ವಾ?

ನಿನ್ನ ಅಪ್ಪ

*

ಫೆಬ್ರವರಿ ೨೧

ಅಪ್ಪ,

ನಿನ್ನ ಪತ್ರ ಬಂತು. ಅಮ್ಮನಿಗೆ ಓದಿ ಹೇಳಿದೆ. ಸರಪಳಿ ಗಿಡ್ಡ ಅನ್ನೋದು ತಿಳೀತು, ಬೋಗುಣಿ ಪ್ಲಾಸ್ಟಿಕ್ಕಿನದು ಅನ್ನೋದೂ ತಿಳೀತು. ಪಾಪು ಚೆನ್ನಾಗಿದೆ. ಗಂಡೋ ಹೆಣ್ಣೋ ಅನ್ನೋದಾದರೂ ನೆನಪಿದೆ ಅಂದ್ಕೊಳ್ತೀನಿ.

ಅಮ್ಮನ ಮೊಣಕಾಲು ಊದಿಕೊಂಡಿದೆ. ನೀನು ಕೇಳಲಿಲ್ಲ, ಆದರೂ ಹೇಳ್ತಿದೀನಿ. ನನ್ನ ರಜ ಮುಗೀತು. ಹೋದ ವಾರದಿಂದ ಮತ್ತೆ ಲ್ಯಾಬಿಗೆ ಹೋಗ್ತಿದೀನಿ. ದಿನವಿಡೀ ಯಾರ್ಯಾರದೋ ರಕ್ತ ಪರೀಕ್ಷೆ ಮಾಡಿ ಮನೆಗೆ ಬಂದರೆ ಪಾಪು ಅಮ್ಮನ ಹೆಗಲ ಮೇಲೆ ಮಲಗಿರುತ್ತೆ. ಎತ್ತಿಕೊಂಡರೆ ಎದ್ದು ಕಿರುಚುತ್ತೆ. ಇಲ್ಲಿನ ಸಮಾಚಾರ ಇಷ್ಟೇ.

ನಾಯಿ ವಿಷಯ ಕೇಳಿದೀಯಲ್ಲ, ಆ ಮನುಷ್ಯನ ಜೊತೆ ನೇರವಾಗಿ ಮಾತಾಡು. ಅಡ್ಡಗೋಡೆ ಮೇಲಿಂದ ನೀರು ಕೊಟ್ಟು ಎಷ್ಟು ದಿನ ಸಾಗುತ್ತೆ?

ಇನ್ನೊಂದು ಮಾತು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಟೈಫಾಯಿಡ್ ಬಂದು ಮಲಗಿದ್ದೆನಲ್ಲ, ಆಗಲೂ ನಿನಗೆ ತುತ್ತು ಇಳೀಲಿಲ್ವಾ? ಸುಮ್ಮನೆ ಕೇಳ್ತಿದೀನಿ. ಆಗ ನೀನು ಎಲ್ಲಿದ್ದೆ ಅಂತಲೇ ನಮಗೆ ಗೊತ್ತಿರಲಿಲ್ಲ.

ನಿನ್ನ ಮಗಳು

*

ಮಾರ್ಚ್ ೮

ಮಗಳೇ,

ನೀನು ಹೇಳಿದ ಹಾಗೇ ಮಾಡಿದೆ. ಅವನು ಬಂದ ದಿನ ಹೋಗಿ ಬಾಗಿಲು ತಟ್ಟಿ ಎಲ್ಲಾ ಹೇಳಿದೆ. ಜಗಳಕ್ಕೆ ಬರ್ತಾನೆ ಅಂತ ಎದೆ ಗಟ್ಟಿ ಮಾಡ್ಕೊಂಡೇ ಹೋಗಿದ್ದೆ. ಅವನು ನೋಡಿದರೆ ಕೈಮುಗಿದುಬಿಟ್ಟ. ವಾಚ್‌ಮನ್ ಸರಿಯಾಗಿ ನೋಡ್ಕೊಳ್ತಿದಾನೆ ಅಂದ್ಕೊಂಡಿದ್ದನಂತೆ. ಮನೆ ಬೀಗದ ಕೈ ತಂದು ನನ್ನ ಕೈಗೆ ಇಟ್ಟ.

ಈಗ ಬೋಲ್ಟು ನನ್ನದು ಅಂತಲೇ ಇಟ್ಕೋ, ಅವನು ಇಲ್ಲದ ದಿನಗಳಲ್ಲಿ. ಪ್ಲಾಸ್ಟಿಕ್ ಬೋಗುಣಿ ಎಸೆದು ಕಲ್ಲಿನದು ತಂದೆ, ಅದನ್ನ ಮಗುಚಬೇಕಾದರೆ ಇಂಥ ಎರಡು ನಾಯಿ ಬೇಕು. ಸರಪಳಿ ಬಿಚ್ಚಿಬಿಟ್ಟೆ, ಮನೆಯೊಳಗೇ ಓಡಾಡ್ಕೊಂಡಿರುತ್ತೆ. ಗೋದಾಮಿನಿಂದ ಬಂದ ತಕ್ಷಣ ಅನ್ನಕ್ಕೆ ಮೊಟ್ಟೆ ಕಲಸಿ ಹಾಕ್ತೀನಿ. ಅದು ತಿಂದ ಮೇಲೆ ನನ್ನ ಊಟ. ಸಂಜೆ ಕೆರೆ ಏರಿ ತನಕ ವಾಕಿಂಗು. ಕಾಲ್ಬೆರಳ ಸಂದಿಯಲ್ಲಿ ಉಣ್ಣಿ ಸೇರ್ಕೊಂಡಿತ್ತು, ಕನ್ನಡಕ ಹಾಕ್ಕೊಂಡು ಒಂದೊಂದೇ ಕಿತ್ತೆ. ಒಂಚೂರು ಮಿಸುಕಲಿಲ್ಲ. ಮಡಚಿದ ಕಿವಿ ಹಿಂದೆ ಕೆರೆದರೆ ಹಿಂಗಾಲು ತಾನಾಗೇ ಆಡುತ್ತೆ.

ಆದರೆ ನಿನ್ನೆ ಆಗಿದ್ದು ಕೇಳು. ವಾಕಿಂಗ್ ಮುಗಿಸಿ ಬಂದು ಅವನ ಮನೆ ಬಾಗಿಲಲ್ಲಿ ನಿಂತಿದ್ದೆ, ಬೀಗ ತೆಗೀತಿದ್ದೆ. ಇದ್ದಕ್ಕಿದ್ದ ಹಾಗೆ ಇದರ ಮೈ ಸೆಟೆದುಕೊಂಡಿತು. ಬಿದ್ದಿದ್ದ ಕಿವಿಯೂ ಎದ್ದು ನಿಂತಿತು. ನನಗಂತೂ ಏನೂ ಕೇಳಿಸ್ತಿರಲಿಲ್ಲ. ಇದಕ್ಕೆ ಮೂರು ಮಹಡಿ ಕೆಳಗೆ ಯಜಮಾನನ ಬೂಟಿನ ಸದ್ದು ಕೇಳಿಸಿದೆ. ನನ್ನ ಕೈಯಿಂದ ಬೆಲ್ಟು ಕಿತ್ಕೊಂಡು ಓಡಿತು ನೋಡು, ಮೆಟ್ಟಿಲ ಮೇಲೆ ಕಾಲು ತಾಗಿತೋ ಇಲ್ಲವೋ. ಮೆಟ್ಟಿಲ ಕಂಬಿ ಮೇಲಿಂದ ಬಗ್ಗಿ ನೋಡಿದೆ. ಅವನ ಎದೆ ಮೇಲೆ ಹತ್ತಿ, ಮುಖ ನೆಕ್ಕಿ, ಉಚ್ಚೆ ಹೊಯ್ದುಕೊಂಡು, ಅಳೋ ಹಾಗೆ ಕುಂಯ್‌ಗುಟ್ಟಿ, ಅಬ್ಬಬ್ಬ. ಅವನು ಮಾಡಿದ್ದೇನು ಗೊತ್ತಾ? ಜೇಬಿನಿಂದ ಒಂದು ಬಿಸ್ಕತ್ತು ತೆಗೆದು ಬಾಯಿಗಿಟ್ಟ. ಒಂದೇ ಒಂದು, ಅದೂ ಮುರಿದಿದ್ದು.

ನಾನು ಕಂಬದ ಹಾಗೆ ನಿಂತಿದ್ದೆ. ಇಬ್ಬರೂ ನನ್ನನ್ನ ದಾಟಿಕೊಂಡೇ ಒಳಗೆ ಹೋದರು. ಅವನಾದರೂ "ಥ್ಯಾಂಕ್ಸ್ ಸಾರ್" ಅಂದ. ಇದು ತಿರುಗಿ ಕೂಡ ನೋಡಲಿಲ್ಲ.

ನಾಯಿ ಅಂದ್ರೆ ನಿಯತ್ತು ಅಂತಾರೆ. ಯಾರಿಗೆ ನಿಯತ್ತು, ಉಣ್ಣಿ ಕಿತ್ತವನಿಗೋ ಬಿಸ್ಕತ್ತು ಕೊಟ್ಟವನಿಗೋ? ನನಗೇನೂ ಬೇಜಾರಿಲ್ಲ. ಆದರೂ ಅವನು ಅದನ್ನ ಸರಿಯಾಗಿ ನೋಡ್ಕೊಳ್ತಿಲ್ಲ ಅನ್ನೋದು ನಿಜ. ಉಗುರು ಎಷ್ಟುದ್ದ ಬಿಟ್ಟಿದಾನೆ ಅಂತೀಯ.

ನಿಮ್ಮಮ್ಮನಿಗೆ ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡೋಕೆ ಹೇಳು. ಹೆಣ್ಣುಮಗು ಅಂತ ನನಗೆ ನೆನಪಿದೆ.

ನಿನ್ನ ಅಪ್ಪ

*

ಮಾರ್ಚ್ ೧೯

ಅಪ್ಪ,

ನಿನಗೆ ಬೇಜಾರಿಲ್ಲ ಅಂತ ಓದಿ ನಗು ಬಂತು. ಮೂರು ಪುಟ ಬೇಜಾರು ಬರೆದು ಕೊನೆಗೆ ಇಲ್ಲ ಅಂದಿದೀಯ.

ಆ ನಾಯಿಯನ್ನ ಬೈಬೇಡ. ಅದು ಮಾಡಿದ್ದು ಹೊಸದೇನಲ್ಲ. ನಾನೂ ಹಾಗೇ ಮಾಡ್ತಿದ್ದೆ.

ಬೀದಿ ತಿರುವಿನಲ್ಲಿ ನಿನ್ನ ಲಾರಿ ಹಾರ್ನು ನನಗೆ ಎಲ್ಲರಿಗಿಂತ ಮೊದಲು ಕೇಳಿಸ್ತಿತ್ತು. ಒಂದು ಸಲ ಅಮ್ಮ ಜಡೆ ಹೆಣೀತಿದ್ದಳು. ಒಂದು ಜಡೆ ಆಗಿತ್ತು, ಇನ್ನೊಂದು ಕಡೆ ಕೂದಲು ಅವಳ ಕೈಯಲ್ಲಿತ್ತು. ಹಾರ್ನ್ ಕೇಳಿದ್ದೇ ತಡ, ಕಿತ್ಕೊಂಡು ಓಡಿದೆ. ನೀನು ನನ್ನನ್ನ ಎತ್ತಿ ಸ್ಟೇರಿಂಗ್ ಮುಂದೆ ಕೂರಿಸಿಕೊಂಡೆ. ಜೇಬಿನಲ್ಲಿ ಕರಗಿ ಅಂಟಾದ ಚಾಕೊಲೇಟು ಇತ್ತು. ಅಷ್ಟು ರುಚಿಯಾದ್ದು ನಾನು ಆಮೇಲೆ ತಿಂದೇ ಇಲ್ಲ. ಅವತ್ತು ನಿನ್ನ ಎದೆ ಮೇಲೇ ಮಲಗಿದೆ, ಅರ್ಧ ಜಡೆಯಲ್ಲೇ. ಎದ್ದಾಗ ನೀನು ಹೊರಟುಹೋಗಿದ್ದೆ. ಕಾಯೋದು ನನಗೆ ಊಟ, ನಿದ್ದೆ ಇದ್ದ ಹಾಗೆ ಇತ್ತು. ಯಾವ ದಿನ ಬರ್ತೀಯ ಅಂತ ಅಮ್ಮನ ತಲೆ ತಿಂತಿದ್ದೆ.

ಈಗ ನೀನು ಕನ್ನಡಕ ಹಾಕ್ಕೊಂಡು ನಾಯಿ ಬೆರಳ ಸಂದಿ ನೋಡ್ತಿದೀಯ. ಅದು ತಿಂದ ಮೇಲೆ ನೀನು ತಿಂತೀಯ. ಓದ್ತಾ ಓದ್ತಾ ನನಗೆ ಎಷ್ಟು ಹೊಟ್ಟೆ ಉರಿದುಹೋಯ್ತು ಅಂದ್ರೆ, ಪತ್ರ ಮಡಚಿ ಡ್ರಾಯರಿಗೆ ಹಾಕಿದೆ. ಮೂವತ್ತು ದಾಟಿದ ಹೆಂಗಸು, ಒಂದು ಮಗುವಿನ ತಾಯಿ, ಯಾರದೋ ಮನೆ ನಾಯಿ ಮೇಲೆ ಹೊಟ್ಟೆಕಿಚ್ಚು. ಲ್ಯಾಬಿನಲ್ಲಿ ಹೇಳಿಕೊಂಡರೆ ನಗ್ತಾರೆ. ಆದರೂ ಇದೆ. ಆ ನಾಯಿಗೆ ಸಿಕ್ಕಿದ ಅಪ್ಪ ನನಗೆ ಸಿಗಲಿಲ್ಲ.

ನಿನ್ನ ಮಗಳು

*

ಏಪ್ರಿಲ್ ೪

ಮಗಳೇ,

ನಿನ್ನ ಪತ್ರ ಬಂತು. ಓದಿದೆ.

ಮಾರನೇ ದಿನ ನಾನೊಂದು ಕೆಲಸ ಮಾಡಿದೆ. ಪ್ರಾಣಿಗಳನ್ನ ನೋಡ್ಕೊಳ್ಳೋ ಸಂಘದವರ ಆಫೀಸಿಗೆ ಹೋಗಿ, ಹೀಗೆ ಹೀಗೆ, ನಮ್ಮ ಪಕ್ಕದ ಮನೆಯವನು ನಾಯಿ ಸಾಕೋಕೆ ಯೋಗ್ಯನಲ್ಲ, ಅದನ್ನ ಅವನ ಕೈಯಿಂದ ಬಿಡಿಸಿ ಅಂತ ದೂರು ಕೊಟ್ಟೆ. ಬಿಡಿಸಿದರೆ ನಾನೇ ಇಟ್ಕೊಳ್ತೀನಿ ಅಂತಲೂ ಹೇಳಿದೆ. ಯಾಕೆ ಹೋದೆ ಅಂತ ಕೇಳಬೇಡ. ಅವತ್ತು ಅವನು ಬಂದಿದ್ದ, ಗೋಡೆ ಆಚೆ ಇಬ್ಬರೂ ಆಟ ಆಡ್ತಿದ್ದರು. ಕೇಳಿಸದ ಕಿವಿಗೂ ಕೇಳಿಸ್ತಿತ್ತು.

ಭಾನುವಾರ ಆ ಸಂಘದಿಂದ ಒಬ್ಬ ಹೆಂಗಸು ಬಂದಳು, ಡಾಕ್ಟರು ಇರಬೇಕು. ನಾಯಿಯ ಬಾಯಿ ತೆರೆದು ನೋಡಿದಳು, ಹೊಟ್ಟೆ ಒತ್ತಿ ನೋಡಿದಳು, ಬೆರಳ ಸಂದಿ ನೋಡಿದಳು. ಮೆಕ್ಯಾನಿಕ್ಕು ಮೂಲೆಯಲ್ಲಿ ಕೈಕಟ್ಟಿಕೊಂಡು ನಿಂತಿದ್ದ, ಹೆಡ್ಮಾಸ್ಟರ ಎದುರು ನಿಂತ ಹುಡುಗನ ಹಾಗೆ. ಕೊನೆಗೆ ಅವಳು, ಇದಕ್ಕೇನಾಗಿದೆ, ಮೈ ಮಿರಮಿರ ಮಿಂಚ್ತಿದೆ, ಊಟ ಹಾಕೋರು ಯಾರು ಅಂತ ಕೇಳಿದಳು. ಮೆಕ್ಯಾನಿಕ್ಕು ನನ್ನ ಕಡೆ ಕೈ ತೋರಿಸಿದ. ಅವಳು ಕೈಲಿದ್ದ ಕಾಗದ ನೋಡಿದಳು, ನನ್ನನ್ನ ನೋಡಿದಳು.

"ನೀವೇ ನೋಡ್ಕೊಳ್ತಿರೋ ನಾಯಿಯನ್ನ ಸರಿಯಾಗಿ ನೋಡ್ಕೊಳ್ತಿಲ್ಲ ಅಂತ ನೀವೇ ದೂರು ಕೊಟ್ಟಿದೀರಾ?"

ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಬೋಲ್ಟು ಅಷ್ಟು ಹೊತ್ತಿಗೆ ಹೋಗಿ ಅವನ ಪಾದದ ಮೇಲೆ ತಲೆ ಇಟ್ಟು ಮಲಗಿತ್ತು. ಅದಕ್ಕಿಂತ ಬೇರೆ ಸಾಕ್ಷಿ ಬೇಕಾ?

ಅವಳು ಹೋದ ಮೇಲೆ ಅವನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೀಗದ ಕೈ ವಾಪಸು ಕೊಡಿ ಸಾರ್ ಅಂದ. ಕೊಟ್ಟೆ.

ಈಗ ಮತ್ತೆ ವಾಚ್‌ಮನ್ ಬರ್ತಾನೆ. ಬಾಲ್ಕನಿಗೆ ಹೋಗೋದು ಬಿಟ್ಟಿದೀನಿ.

ಅಪ್ಪ

*

ಏಪ್ರಿಲ್ ೧೬

ಅಪ್ಪ,

ಏನು ಮಾಡ್ಕೊಂಡೆ ನೋಡು. ಬೈಯೋಣ ಅಂತ ಪೆನ್ ತಗೊಂಡೆ, ಬೈಯೋಕೆ ಮನಸ್ಸು ಬರ್ತಿಲ್ಲ. ನಾಯಿ ಕಷ್ಟದಲ್ಲಿದೆ ಅಂತ ನೀನು ಹೋಗಿದ್ದಲ್ಲ, ಅದು ಸುಖವಾಗಿದೆ ಅಂತ ಹೋಗಿದ್ದು. ಹೊಟ್ಟೆಕಿಚ್ಚಿನಲ್ಲಿ ಮಾತ್ರ ನಾನು ನಿನ್ನ ಮಗಳೇ ಸರಿ.

ಅಮ್ಮನಿಗೆ ಓದಿ ಹೇಳಿದೆ. ಕಾಲಿಗೆ ಬಿದ್ದು ಕ್ಷಮೆ ಕೇಳೋದು ಇವರಿಗೆ ಬರಲ್ಲ, ಒಂದು ಮಾತು ಸಾಕು, ಹೋಗಿ ಹೇಳಲಿ ಅಂದಳು. ಆಮೇಲೆ ಬಟ್ಟೆ ಒಣಹಾಕೋಕೆ ಅಂತ ಟೆರೇಸಿಗೆ ಹೋದವಳು ಎಷ್ಟು ಹೊತ್ತಾದರೂ ಇಳಿದು ಬರಲಿಲ್ಲ. ಒಣಹಾಕೋಕೆ ಇದ್ದಿದ್ದು ಪಾಪುವಿನ ನಾಲ್ಕು ಬಟ್ಟೆ.

ನಿನ್ನ ಮಗಳು

*

ಮೇ ೧೧

ಮಗಳೇ,

ನಿಮ್ಮಮ್ಮ ಹೇಳಿದ ಹಾಗೆ ಹೋಗಿ ತಪ್ಪಾಯ್ತು ಅಂದಿದ್ದೆ. ಅವನು ಬಾಗಿಲಲ್ಲೇ ನಿಂತು ಪರವಾಗಿಲ್ಲ ಸಾರ್ ಅಂದಿದ್ದ. ಒಳಗೆ ಬನ್ನಿ ಅನ್ನಲಿಲ್ಲ. ಅಷ್ಟಕ್ಕೆ ಮುಗೀತು ಅಂದ್ಕೊಂಡಿದ್ದೆ.

ಹೋದ ಸೋಮವಾರ ಅವನೇ ನಮ್ಮ ಬಾಗಿಲಿಗೆ ಬಂದ. ಒಂದು ಕೈಯಲ್ಲಿ ಬೋಲ್ಟು, ಇನ್ನೊಂದು ಕೈಯಲ್ಲಿ ನನ್ನ ಕಲ್ಲಿನ ಬೋಗುಣಿ. ದೂರದಲ್ಲಿ ಎಲ್ಲೋ ದೊಡ್ಡ ಆಸ್ಪತ್ರೆ ಕಟ್ಟುತ್ತಿದಾರಂತೆ, ಅದರ ಲಿಫ್ಟೆಲ್ಲ ಕೂರಿಸೋ ಕೆಲಸ. ಒಂದು ವರ್ಷವಾದರೂ ಹಿಡಿಯುತ್ತೆ. ಕೆಲಸಗಾರರ ಶೆಡ್ಡಿನಲ್ಲಿ ನಾಯಿಗೆ ಜಾಗ ಇಲ್ಲ. ನಾನು ನಂಬಲಿಲ್ಲ, ನನ್ನ ಹತ್ತಿರವೇ ಬಿಟ್ಟು ಹೋಗ್ತೀಯಾ ಅಂತ ಕೇಳಿದೆ.

"ನೀವು ದೂರು ಕೊಟ್ಟಿದ್ದಕ್ಕೆ ನನಗೆ ಸಿಟ್ಟು ಬಂದಿತ್ತು ಸಾರ್. ಆಮೇಲೆ ಯೋಚನೆ ಮಾಡಿದೆ, ಇದರ ಮೇಲೆ ಅಷ್ಟು ಕಣ್ಣಿಟ್ಟಿರೋರು ಬೇರೆ ಯಾರಿದಾರೆ?"

ಅಷ್ಟು ಹೇಳಿ ಬೋಲ್ಟು ತಲೆ ಸವರಿ, ಹಿಂದೆ ತಿರುಗದೆ ಇಳಿದುಹೋದ. ಮೆಟ್ಟಿಲ ತಿರುವಿನಲ್ಲಿ ಸ್ವಲ್ಪ ಹೊತ್ತು ನಿಂತಿದ್ದ. ನನಗೆ ಅವನ ಬೂಟಿನ ತುದಿ ಕಾಣಿಸ್ತಿತ್ತು.

ನೋಡು, ನನಗೆ ಬೇಕಾಗಿದ್ದು ಕೈಗೆ ಬಂದುಬಿಟ್ಟಿತು. ಹೊಸ ಹಾಸಿಗೆ ತಂದೆ, ಕಿಟಕಿ ಪಕ್ಕ ಗಾಳಿ ಬರೋ ಕಡೆ ಹಾಕಿದೆ. ಅದು ಅದರ ಮೇಲೆ ಒಂದು ದಿನವೂ ಮಲಗಿಲ್ಲ. ಬಾಗಿಲ ಹತ್ತಿರ ಬರೀ ನೆಲದ ಮೇಲೆ ಬಿದ್ದಿರುತ್ತೆ, ಮೂತಿ ಬಾಗಿಲ ಸಂದಿಗೆ ಇಟ್ಟು. ಮೊಟ್ಟೆ ಅನ್ನ ಮೂಸಿ ಬಿಡುತ್ತೆ. ಎದುರಿಗೆ ಕೂತು ಬಾ ಮಗಾ, ತಿನ್ನು ಮಗಾ ಅಂತ ಗೋಗರೆದೆ. ಮುಖ ಆ ಕಡೆ ತಿರುಗಿಸಿಕೊಂಡಿತು. ಕಿವಿ ಹಿಂದೆ ಕೆರೆದರೂ ಕಾಲು ಆಡಿಸಲ್ಲ. ಪಕ್ಕೆ ಎಲುಬು ಕಾಣೋಕೆ ಶುರುವಾಗಿದೆ. ನನ್ನ ಮೇಲೆ ಯಾರಾದರೂ ಈಗ ದೂರು ಕೊಟ್ಟರೆ ಆ ಡಾಕ್ಟರಮ್ಮ ಒಪ್ಪಿಕೊಳ್ತಾಳೆ.

ಸಿಟ್ಟು ಬರುತ್ತೆ ಮಗಳೇ. ಅವನು ಇಲ್ಲೇ ಇಲ್ಲ, ಆದರೂ ಮನೆ ತುಂಬಾ ಅವನೇ. ನಾನು ಕಣ್ಣೆದುರಿಗೆ ಇದೀನಿ, ನನ್ನ ಕೈ ಅನ್ನಕ್ಕೆ ಬೆಲೆ ಇಲ್ಲ.

ನಿಮ್ಮಮ್ಮನನ್ನ ಒಂದು ಮಾತು ಕೇಳು, ಏನು ಮಾಡಬೇಕು ಅಂತ. ಅವಳಿಗೆ ಗೊತ್ತಿರುತ್ತೆ.

ಅಪ್ಪ

*

ಮೇ ೧೮

ರೀ,

ನಾನೇ ಬರೀತಿದೀನಿ. ಅವಳ ಕೈಲಿ ಬರೆಸೋದು ಬೇಡ ಅನ್ನಿಸಿತು.

ನನಗೆ ನಾಯಿ ವಿಷಯ ಗೊತ್ತಿಲ್ಲ. ಬಾಗಿಲು ನೋಡ್ತಾ ಕೂತ ಮಗುವಿಗೆ ಅನ್ನ ತಿನ್ನಿಸಿ ಗೊತ್ತು. ಅದನ್ನೇ ಹೇಳ್ತೀನಿ.

ಎದುರಿಗೆ ಕೂರಬೇಡಿ. ನೀವು ಎದುರಿಗೆ ಕೂತರೆ ಬಾಗಿಲಿಗೆ ಅಡ್ಡ ಆಗ್ತೀರ. ಅದಕ್ಕೇ ಮುಖ ತಿರುಗಿಸಿಕೊಳ್ಳೋದು. ನಾನೂ ಮೊದಮೊದಲು ಹಾಗೇ ಮಾಡ್ತಿದ್ದೆ, ಗದರುತ್ತಿದ್ದೆ, ಒಂದೆರಡು ಸಲ ಹೊಡೆದೂ ಬಿಟ್ಟಿದೀನಿ. ಆಮೇಲೆ ತಿಳೀತು. ಪಕ್ಕದಲ್ಲಿ ಕೂತ್ಕೊಳ್ಳಿ. ನೀವೂ ಬಾಗಿಲನ್ನೇ ನೋಡಿ. ಬರ್ತಾರೆ ಅಂತ ಹೇಳಬೇಡಿ, ಬರಲ್ಲ ಅಂತಲೂ ಹೇಳಬೇಡಿ. ಬೇರೆ ಏನಾದರೂ ಮಾತಾಡ್ತಾ ಇರಿ. ಕೈ ತಾನಾಗೇ ಬಾಯಿಗೆ ಹೋಗಲಿ. ತಿನ್ನುತ್ತೆ.

ನೀವು ಕೇಳಿದ್ದಕ್ಕೆ ಇದು ಉತ್ತರ. ಕೇಳದೇ ಇರೋದನ್ನೂ ಒಂದು ಹೇಳಿಬಿಡ್ತೀನಿ. ನೀವು ಎರಡು ದಿನಕ್ಕೆ ಅಂತ ಬರ್ತಿದ್ರಿ. ಆ ಎರಡು ದಿನ ನನ್ನ ಮಗಳು ನನ್ನವಳಾಗಿರ್ತಿರಲಿಲ್ಲ. ನೀವು ಬಂದಿರಿ ಅಂತ ನನಗೂ ಸಂತೋಷವೇ. ಆದರೆ ಒಲೆ ಮುಂದೆ ನಿಂತು ನಿಮ್ಮಿಬ್ಬರ ನಗು ಕೇಳ್ತಾ, ಈ ಲಾರಿ ಇನ್ನೂ ನಾಲ್ಕು ದಿನ ಎಲ್ಲಾದರೂ ಕೆಟ್ಟು ನಿಲ್ಲಬಾರದಿತ್ತಾ ಅಂದ್ಕೊಂಡಿದೀನಿ. ಅಷ್ಟು ಉರೀತಿತ್ತು. ನಿಮಗೆ ಈಗ ಆಗ್ತಿರೋದು ಅದೇ. ಅದರಿಂದ ಯಾರೂ ಸಾಯಲ್ಲ. ನಾನು ಸತ್ತಿಲ್ಲವಲ್ಲ.

ಅನ್ನ ಆರಿಸಿ ಹಾಕಿ. ಬಿಸಿ ಇದ್ದರೆ ಮೂಸಿ ಬಿಡುತ್ತೆ.

ಇಂತಿ,
ನಿಮ್ಮವಳು

*

ಮೇ ೩೦

ಇವಳೇ,

ನಿನಗೆ ಕಾಗದ ಬರೆದು ನನಗೆ ಅಭ್ಯಾಸ ಇಲ್ಲ, ಹೇಗೆ ಶುರು ಮಾಡಬೇಕೋ ತಿಳೀತಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಇದೇ ಮೊದಲು ಇರಬೇಕು.

ನೀನು ಹೇಳಿದ ಹಾಗೆ ಪಕ್ಕದಲ್ಲಿ ಕೂತೆ. ಬಾಗಿಲು ಪೂರ್ತಿ ತೆರೆದಿಟ್ಟೆ, ಮೆಟ್ಟಿಲು ಕಾಣಲಿ ಅಂತ. ಗೋದಾಮಿನ ವಿಷಯ ಮಾತಾಡಿದೆ, ಯಾವ ಡ್ರೈವರ್ ಎಷ್ಟು ಸುಳ್ಳು ಹೇಳ್ತಾನೆ ಅಂತೆಲ್ಲ. ಎದುರು ಮನೆಯವರು ಹತ್ತಿಕೊಂಡು ಬಂದು, ಏನಪ್ಪಾ ಇವನಿಗೆ ತಲೆ ಕೆಟ್ಟಿದೆ ಅನ್ನೋ ಹಾಗೆ ನೋಡಿ ಹೋದರು. ಕತ್ತಲಾಗೋ ಹೊತ್ತಿಗೆ ಬೋಲ್ಟು ಅನ್ನದ ಬೋಗುಣಿಗೆ ಬಾಯಿ ಹಾಕಿತು. ನನ್ನ ಕಡೆ ನೋಡಲಿಲ್ಲ. ಮೆಟ್ಟಿಲು ನೋಡ್ತಾನೇ ತಿಂದು ಮುಗಿಸಿತು.

ಉರಿ ಹೋಗಿಲ್ಲ. ಆದರೆ ಬೋಗುಣಿ ಖಾಲಿ ಆಗುತ್ತೆ.

ನಿನ್ನ ಪತ್ರ ಎಷ್ಟು ಸಲ ಓದಿದೆ ಅಂತ ಹೇಳಲ್ಲ. ನೀನು ಬೇಗ ಬಾ. ಮೊಣಕಾಲಿಗೆ ಮೂರು ಮಹಡಿ ಕಷ್ಟ, ಗೊತ್ತು. ಲಿಫ್ಟಿನವರಿಗೆ ದಿನಾ ಹೋಗಿ ಕಾಟ ಕೊಡ್ತಿದೀನಿ. ಸರಿಯಾಗದಿದ್ದರೆ ಪ್ರತಿ ಮಹಡಿಗೂ ಒಂದೊಂದು ಕುರ್ಚಿ ಹಾಕಿಸ್ತೀನಿ.

ನಾನು

*

ಜೂನ್ ೨೨

ಅಪ್ಪ,

ಅಮ್ಮ ಕ್ಷೇಮವಾಗಿ ತಲುಪಿದಳು ಅಂತ ಗೊತ್ತಾಯ್ತು. ಪ್ರತಿ ಮಹಡಿಯಲ್ಲೂ ಕುರ್ಚಿ ಇತ್ತಂತೆ, ಎರಡನೇ ಮಹಡಿ ಕುರ್ಚಿಯಲ್ಲಿ ನೀನೇ ಕೂತಿದ್ದೆಯಂತೆ. ಫೋನಿನಲ್ಲಿ ನಕ್ಕೂ ನಕ್ಕೂ ಹೇಳಿದಳು. ಬೋಲ್ಟು ಅವಳ ಸೀರೆ ಮೂಸಿ ಸುಮ್ಮನಾಯಿತಂತೆ. ಅದರ ಯಜಮಾನ ಒಂದು ದಿನದ ರಜಕ್ಕೆ ಬಂದು ಹೋದನಂತೆ. ಅವನು ಬಂದಾಗ ನೀನು ಏನು ಮಾಡಿದೆ ಅಂತ ಅಮ್ಮನನ್ನ ಕೇಳಿದೆ, ಹೇಳಲಿಲ್ಲ. ನಿಮ್ಮಪ್ಪನ್ನೇ ಕೇಳು ಅಂದಳು. ನಾನು ಕೇಳಲ್ಲ.

ಇಲ್ಲಿ ಪಾಪುವನ್ನ ನೋಡ್ಕೊಳ್ಳೋಕೆ ಒಬ್ಬರು ಬರ್ತಾರೆ, ಒಳ್ಳೆಯವರು. ಸಂಜೆ ನಾನು ಬರೋ ತನಕ ಇರ್ತಾರೆ. ಅವರ ಕೈಲೂ ಹಾಲು ಕುಡೀತಾಳೆ, ನಮ್ಮ ಮನೆಯವರ ಕೈಲೂ ಕುಡೀತಾಳೆ. ನನ್ನ ಕೈಲಿ ಮಾತ್ರ ಹಟ. ಹೊರಗೆ ಯಾರಾದರೂ ಚಪ್ಪಲಿ ಎಳೆದುಕೊಂಡು ಹೋದ ಸದ್ದಾದರೆ ಬಾಟಲಿ ಬಿಟ್ಟು ಕತ್ತು ಹೊರಳಿಸ್ತಾಳೆ. ಅಮ್ಮ ಕುಂಟುತ್ತಾ ನಡೆಯೋ ಸದ್ದು ಹಾಗೇ ಇರ್ತಿತ್ತಲ್ಲ. ಬಂದವರು ಅಮ್ಮ ಅಲ್ಲ ಅಂತ ಗೊತ್ತಾದ ಮೇಲೆ ತುಟಿ ನಡುಗಿಸಿ, ನನ್ನನ್ನ ನೋಡಿ ಅಳ್ತಾಳೆ. ನಾನೇ ಕಳಿಸಿಬಿಟ್ಟೆ ಅನ್ನೋ ಹಾಗೆ. ನಾನೇ ಕಳಿಸಿದ್ದು. ನೀನು ಅಮ್ಮನಿಗೆ ಬರೆದ ಪತ್ರ ಓದಿ ಟಿಕೆಟ್ ಮಾಡಿಸಿದ್ದು ನಾನೇ.

ನಿನ್ನೆ ಅಮ್ಮ ಬಿಟ್ಟುಹೋದ ಹಳೇ ಶಾಲು ಹೊದ್ದುಕೊಂಡು ಹಾಲು ಕೊಡೋಕೆ ಕೂತೆ. ಶಾಲಿಗೆ ಮುಖ ಉಜ್ಜಿ ಉಜ್ಜಿ ಕುಡಿದಳು, ಒಂದು ಹನಿ ಬಿಡಲಿಲ್ಲ. ಸಂತೋಷ ಆಗಬೇಕಲ್ವಾ? ನನಗೆ ಆ ಶಾಲನ್ನ ಕಿತ್ತು ಎಸೆಯೋಣ ಅನ್ನಿಸಿತು. ಎಸೆಯಲಿಲ್ಲ. ಇವತ್ತೂ ಅದನ್ನೇ ಹೊದ್ದುಕೊಂಡು ಕೂತಿದ್ದೆ.

ಇವರಿಗೆ ಹೇಳಿದರೆ, ನಿಮ್ಮಮ್ಮನ ಮೇಲೆ ಹೊಟ್ಟೆಕಿಚ್ಚಾ ಅಂತ ನಗ್ತಾರೆ. ನೀನು ನಗಲ್ಲ ಅಂತ ಗೊತ್ತು. ಅದಕ್ಕೇ ನಿನಗೆ ಬರೀತಿದೀನಿ.

ಈ ಪತ್ರ ಅಮ್ಮನಿಗೆ ತೋರಿಸಬೇಡ.

ನಿನ್ನ ಮಗಳು